ಮುಪ್ಪಿನಲ್ಲಿ ಬುದ್ಧಿಯನ್ನು ಕಾಪಾಡಿಕೊಳ್ಳುವ ವಿಷಯವಾಗಿ

ಓದತಕ್ಕ ಭಾಗಗಳು: 2 ಸಮುವೇಲ 17:27–29, 19:31–39.

ದಾವೀದ ಅರಸನ ಚರಿತ್ರೆಯಲ್ಲಿ ಎರಡು ಸಾರಿ ಮಾತ್ರ ನಮ್ಮೆದುರಿಗೆ ಬಂದು ಮರೆಯಾಗುವ ಒಬ್ಬ ಮುದುಕನಿದ್ದಾನೆ. ಅವನ ಹೆಸರು ಬರ್ಜಿಲ್ಲೈ, ಊರು ರೋಗೆಲೀಮ್, ವಯಸ್ಸು 80. ದಂಗೆಯೆದ್ದ ಮಗನ ದೆಸೆಯಿಂದ ಅರಸನು ಯೊರ್ದನ್ ಹೊಳೆಯನ್ನು ದಾಟಿ ಮಹನಯಿಮಿಗೆ ಓಡಿಬಂದಾಗ, ಈ ಮುದುಕನು ಬೇರೆ ಇಬ್ಬರೊಡನೆ ಕೂಡಿಕೊಂಡು ಹಾಸಿಗೆ, ಪಾತ್ರೆ, ಗೋದಿ, ಜವೆಗೋದಿ, ಕಾಳುಕಡಿ, ಜೇನು, ಮೊಸರು ಮೊದಲಾದವುಗಳನ್ನು ಹೊರಿಸಿಕೊಂಡು ಬಂದು, ಹಸಿದಿದ್ದ ಜನರಿಗೆ ಉಣಿಸಿದನು. ಯುದ್ಧವು ಮುಗಿದು ಅರಸನು ಹಿಂದಿರುಗುವಾಗ ಅವನನ್ನು ಹೊಳೆಯ ವರೆಗೆ ಸಾಗಕಳುಹಿಸಲಿಕ್ಕೆ ಪುನಃ ಬಂದನು. ಯೆರೂಸಲೇಮಿಗೆ ಬಾ, ಅಲ್ಲಿ ನಿನ್ನನ್ನು ಸಾಕುವೆನು ಎಂದು ಅರಸನು ಕರೆದರೂ ಅವನು ಒಪ್ಪಲಿಲ್ಲ. ಒಳ್ಳೇದು ಕೆಟ್ಟದ್ದರ ಭೇದವನ್ನು ಮೊದಲಿನಂತೆ ತಿಳಿಯಲಾರೆನು, ಉಂಡದ್ದರ ರುಚಿ ಹತ್ತುವದಿಲ್ಲ, ಹಾಡುವವರ ಸ್ವರ ಕಿವಿಗೆ ಬೀಳುವದಿಲ್ಲ, ನಿನಗೆ ಯಾಕೆ ಭಾರವಾಗಲಿ ಎಂಬ ಅರ್ಥದಲ್ಲಿ ಮಾತಾಡಿ, ತನಗೆ ಬದಲಾಗಿ ಕಿಮ್ಹಾಮನನ್ನು ಕಳುಹಿಸಿಕೊಟ್ಟು, ತಂದೆತಾಯಿಗಳ ಸಮಾಧಿಯಿರುವ ತನ್ನೂರಿಗೆ ತಿರುಗಿಹೋದನು.

ಭಾನುವಾರದ ಪಾಠದಲ್ಲಿ ನಾವು ಈ ಭಾಗವನ್ನು ಅತಿಥಿಸತ್ಕಾರದ ವಿಷಯವಾಗಿ ಉಪಯೋಗಿಸುವದು ವಾಡಿಕೆ. ಆದರೆ ನನಗೆ ಇದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ನನ್ನ ವಿವೇಚನೆ ಕುಂದಿತು ಎಂದು ಹೇಳುವ ಈ ಮುದುಕನೇ ಆ ದಿನ ಹೊಳೆಯ ದಡದಲ್ಲಿ ನಿಂತವರೆಲ್ಲರಿಗಿಂತ ವಿವೇಕದ ಮಾತನ್ನಾಡಿದನು. ತನಗೆ ಏನು ಕಡಿಮೆಯಾಗಿದೆ ಎಂಬದನ್ನು ಒಂದೊಂದಾಗಿ ಎಣಿಸಿ ನಾಚದೆ ಹೇಳಿದನು. ಕೇಳಿದವರು ನಗಲಿಲ್ಲ, ಅರಸನು ಅವನಿಗೆ ಮುದ್ದಿಟ್ಟು ಆಶೀರ್ವದಿಸಿ ಕಳುಹಿಸಿದನು. ನಮ್ಮ ಸಭೆಗಳಲ್ಲಿ ಹಾಗೆ ನಡೆಯುತ್ತದೋ? ಮುದುಕರು ತಮ್ಮ ಮರೆವನ್ನು ಬಚ್ಚಿಡುತ್ತಾರೆ, ಯೌವನಸ್ಥರು ಅದನ್ನು ಕಂಡು ನಗುತ್ತಾರೆ, ಉಪದೇಶಿಗಳಾದ ನಾವು ಕೆಲವು ಸಾರಿ ಅದನ್ನು ಪಾಪವೆಂದು ಎಣಿಸುತ್ತೇವೆ. ಈ ಕಡೆಯ ಮಾತನ್ನು ನಾನು ಯಾಕೆ ಬರೆದೆನೆಂಬದು ಮುಂದೆ ತಿಳಿದುಬರುವದು.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದವರು ಯಾರು? ಆದರೆ ಗಾದೆಗಳೆಲ್ಲ ಸುವಾರ್ತೆಯಲ್ಲ. ನಮ್ಮ ದೇಶದಲ್ಲಿ ವಿದ್ವಾಂಸರು ಮನೆಮನೆಗೆ ಹೋಗಿ ವೃದ್ಧರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 60 ವರುಷ ದಾಟಿದ ನೂರು ಮಂದಿಯಲ್ಲಿ ಈ ಬುದ್ಧಿಯಳಿವಿನ ರೋಗವುಳ್ಳವರು ಏಳು ಮಂದಿಗಿಂತ ಸ್ವಲ್ಪ ಹೆಚ್ಚು, ಅಂದರೆ 7.4. ಹಾಗಾದರೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಇಲ್ಲ. ಇದು ಮುಪ್ಪಿನ ಗುಣವಲ್ಲ, ಮುಪ್ಪಿನಲ್ಲಿ ಬರುವ ರೋಗ. ಆದರೂ ದೇಶದಲ್ಲಿ ಅಂಥವರ ಒಟ್ಟು ಸಂಖ್ಯೆ ಸುಮಾರು 88 ಲಕ್ಷ; ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚಾಗಿ ಕಂಡುಬಂತು. ಆದಕಾರಣ ಹಳ್ಳಿಯ ಸಭೆಯವರಾದ ನಾವು ಇದನ್ನು ಪಟ್ಟಣದವರ ಕಾಯಿಲೆಯೆಂದು ಬಿಟ್ಟುಬಿಡುವ ಹಾಗಿಲ್ಲ.

ತಲೆಬುರುಡೆಯೊಳಗಿನ ಮಿದುಳಿನ ತೂಕವು ಸುಮಾರು 1,400 ಗ್ರಾಮು. ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಉಸಿರಾಡುವ ಪ್ರಾಣವಾಯುವಿನಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಅದೊಂದೇ ತೆಗೆದುಕೊಳ್ಳುತ್ತದೆ. ಕೂದಲಿಗಿಂತ ತೆಳುವಾದ ರಕ್ತನಾಳಗಳು ಕಾಲುವೆಗಳಂತೆ ಅದರೊಳಗೆಲ್ಲಾ ಹರಡಿಕೊಂಡಿವೆ. ಕಾಲುವೆ ಕೆಟ್ಟರೆ ಹೊಲ ಒಣಗುವದೆಂಬದನ್ನು ಒಕ್ಕಲಿಗರಾದ ನಿಮಗೆ ನಾನು ಕಲಿಸಬೇಕಾಗಿಲ್ಲ. ಬುದ್ಧಿಯಳಿವಿಗೆ ಒಂದು ಕಾರಣ ಇದೇ: ಸಣ್ಣ ಸಣ್ಣ ನಾಳಗಳು ಮುಚ್ಚಿಹೋಗಿ, ಲಕ್ವ ಹೊಡೆದದ್ದು ಹೊರಗೆ ಕಾಣದಿದ್ದರೂ, ಮಿದುಳಿನ ಅಲ್ಲಲ್ಲಿಯ ತುಣುಕು ಸಾಯುತ್ತದೆ. ಇನ್ನೊಂದು ಕಾರಣವನ್ನು ಜರ್ಮನಿಯ ವೈದ್ಯರಾದ ಆಲ್‌ಝೈಮರ್ ಎಂಬವರು 1906ನೆಯ ಇಸವಿಯಲ್ಲಿ ತಿಳಿಸಿದರು. ಫ್ರಾಂಕ್‌ಫರ್ಟ್ ಪಟ್ಟಣದ ಆಸ್ಪತ್ರೆಗೆ 1901ರಲ್ಲಿ ಬಂದ ಒಬ್ಬ ಸ್ತ್ರೀಗೆ ವಯಸ್ಸು 51 ಮಾತ್ರ. ಆದರೂ ಆಕೆ ತನ್ನ ಹೆಸರನ್ನೂ ಸರಿಯಾಗಿ ಬರೆಯಲಾರದೆ ಹೋದಳು. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಿಂದ ನೋಡಿದಾಗ, ಕಲೆಗಳಂತಿರುವ ಮಡ್ಡಿಯೂ ಸಿಕ್ಕುಬಿದ್ದ ದಾರದಂತಿರುವ ಎಳೆಗಳೂ ಅದರಲ್ಲಿ ಕಂಡವು. ಮುಪ್ಪಿನಲ್ಲಿ ಅನೇಕರಿಗೆ ಈ ಎರಡು ಕೇಡುಗಳೂ ಕೂಡಿಯೇ ಬರುತ್ತವೆ.

ಇಲ್ಲಿ ನಾನು ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಾನು ಉಪದೇಶಿಯಾಗಿದ್ದ ಒಂದು ಹಳ್ಳಿಯಲ್ಲಿ ಸಭೆಯ ಹಿರಿಯರೊಬ್ಬರು 31 ವರುಷ ಕಾಣಿಕೆಯ ಲೆಕ್ಕವನ್ನಿಟ್ಟಿದ್ದರು. ಒಂದು ಪೈಸೆಯೂ ತಪ್ಪಿದ್ದಿಲ್ಲ. ಆಮೇಲೆ ಪುಸ್ತಕದಲ್ಲಿ ಒಂದೇ ಕಾಣಿಕೆ ಎರಡು ಸಾರಿ ಬರೆದದ್ದು ಕಂಡುಬಂತು. ಹಿರಿಯರ ಕೂಟದಲ್ಲಿ ಅವರು ಒಂದೇ ಮಾತನ್ನು ಮೂರು ಸಾರಿ ಎದ್ದುನಿಂತು ಹೇಳಿದರು. ಹತ್ತು ವರುಷದ ಹಿಂದೆ ತೀರಿಹೋದ ತಮ್ಮನ ಹೆಸರಿನಿಂದ ನನ್ನನ್ನು ಕರೆದರು. ಪ್ರಸಂಗದ ನಡುವೆ ಪಕ್ಕದವರನ್ನು, ಏನು ಹೇಳಿದರು, ಏನು ಹೇಳಿದರು ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ಅದು ನನಗೆ ಅಸಮಾಧಾನವನ್ನುಂಟುಮಾಡಿತು. ಕಡೆಗೆ ಬೆಳೆಕಾಣಿಕೆಯ ಹಬ್ಬದ ಹಣದಲ್ಲಿ 2,340 ರೂಪಾಯಿ ಕಡಿಮೆ ಬಂತು. ನಾನು ಅವರ ಮನೆಗೆ ಹೋಗಿ ಗುಟ್ಟಾಗಿ ವಿಚಾರಿಸುವದನ್ನು ಬಿಟ್ಟು, ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಲೆಕ್ಕವನ್ನು ಕೇಳಿದೆನು.

ಅವರು ಬಹಳ ಹೊತ್ತು ಸುಮ್ಮನೆ ನಿಂತರು. ಬಳಿಕ, "ಉಪದೇಶಿಗಳೇ, ನಾನು ಕದ್ದಿಲ್ಲ, ಎಲ್ಲಿ ಇಟ್ಟೆನೋ ದೇವರಿಗೇ ಗೊತ್ತು" ಅಂದರು. ಹಿಂದೆ ಕೂತಿದ್ದ ಕೆಲವರು ನಕ್ಕರು. ಆ ನಗೆಯನ್ನು ನಾನು ತಡೆಯಲಿಲ್ಲ. ಆ ಭಾನುವಾರದಿಂದ ಅವರು ದೇವಾಲಯಕ್ಕೆ ಬರಲಿಲ್ಲ. ನಾನೂ ಕರೆಯಲಿಕ್ಕೆ ಹೋಗಲಿಲ್ಲ.

ಹಿಂಗಾರಿ ಬಿತ್ತನೆಯ ಕಾಲದಲ್ಲಿ ಅವರ ಸೊಸೆ ಬೀಜದ ಜೋಳದ ಗಡಿಗೆಗೆ ಕೈಹಾಕಿದಾಗ, ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ 2,340 ರೂಪಾಯಿಯೂ, ಅವರದೇ ಅಕ್ಷರದಲ್ಲಿ "ಸಭೆಯದು" ಎಂದು ಬರೆದ ಒಂದು ಚೀಟಿಯೂ ಇದ್ದವು. ಇಲಿ ಕಡಿಯದ ಹಾಗೆ, ಕಳ್ಳರು ಕದಿಯದ ಹಾಗೆ, ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಸ್ಥಳದಲ್ಲಿ ಇಟ್ಟು ಮರೆತಿದ್ದರು. ಆಕೆ ಆ ಗಂಟನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಎಣಿಸಿಕೊಳ್ಳಿರಿ ಅಯ್ಯನವರೇ" ಅಂದಳು. ನಾನು ಎಣಿಸಲಿಲ್ಲ.

ಆ ಮೇಲೆ ಅವರನ್ನು ಜಿಲ್ಲೆಯ ಊರಿಗೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದೆವು. ರಕ್ತದ ಒತ್ತಡ 180ಕ್ಕೆ 100 ಇತ್ತು. ಮಿದುಳಿನ ಚಿತ್ರವನ್ನು ತೆಗೆದಾಗ ಚಿಕ್ಕ ಚಿಕ್ಕ ಲಕ್ವದ ಗುರುತುಗಳು ಕಂಡವು. ಕಿವಿಗಳೆರಡೂ ಬಹಳ ಮಂದವಾಗಿದ್ದವು. ಹನ್ನೆರಡು ವರುಷಗಳ ಹಿಂದೆ ಕಣ್ಣಿನ ತಪಾಸಣೆಯ ಶಿಬಿರವೊಂದರಲ್ಲಿಯೇ ಬಿ.ಪಿ. ಹೆಚ್ಚಿದೆಯೆಂದು ಅವರಿಗೆ ತಿಳಿಸಿದ್ದರಂತೆ. ಒಂದು ತಿಂಗಳು ಗುಳಿಗೆ ನುಂಗಿ, ಮೈಗೆ ಏನೂ ಆಗಿಲ್ಲವಲ್ಲಾ ಎಂದು ಬಿಟ್ಟಿದ್ದರು. ಅವರು ಗುಳಿಗೆ ಬಿಟ್ಟದ್ದು ನಮ್ಮಲ್ಲಿ ಅನೇಕರಿಗೆ ತಿಳಿದಿತ್ತು. ಒಬ್ಬರಾದರೂ ಒಂದು ಮಾತು ಹೇಳಲಿಲ್ಲ. ಅವರ ಕಳ್ಳತನವನ್ನು ಹುಡುಕಿದ ನಾವು ಅವರ ಕಾಯಿಲೆಯನ್ನು ಹುಡುಕಲಿಲ್ಲ.

ಆದಕಾರಣ ನಾನು ಎಲ್ಲಕ್ಕಿಂತ ಮೊದಲು ರಕ್ತದ ಒತ್ತಡದ ವಿಷಯವನ್ನು ಹೇಳುತ್ತೇನೆ. ಅದು ನೋವಿಲ್ಲದ ಕಾಯಿಲೆ. ತಲೆನೋವು ಬಂದರೆ ಮಾತ್ರ ಬಿ.ಪಿ. ಇದೆಯೆಂಬದು ತಪ್ಪು ತಿಳುವಳಿಕೆ. ಅಳೆಯದೆ ಅದು ತಿಳಿಯುವದಿಲ್ಲ. ವಿಶ್ರಾಂತಿಯಲ್ಲಿ ಕೂತು ಅಳೆದಾಗ ಮೇಲಿನ ಅಂಕಿ 140ಕ್ಕೆ ಅಥವಾ ಕೆಳಗಿನದು 90ಕ್ಕೆ ಮುಟ್ಟಿ, ಬೇರೆ ದಿನ ಅಳೆದಾಗಲೂ ಹಾಗೆಯೇ ಇದ್ದರೆ ವೈದ್ಯರನ್ನು ಕಾಣತಕ್ಕದ್ದು. ನಡುವಯಸ್ಸಿನಲ್ಲಿ, ನಲವತ್ತು ಐವತ್ತರಲ್ಲಿಯೇ, ಇದನ್ನು ಹಿಡಿತದಲ್ಲಿಟ್ಟವರ ಮಿದುಳಿಗೆ ಮುಪ್ಪಿನಲ್ಲಿ ಲಾಭವಿದೆ. ಇದು ಆಸ್ಪತ್ರೆಗಳಿರುವ ದೊಡ್ಡ ಪಟ್ಟಣದವರಿಗೆ ಮಾತ್ರ ಸಾಧ್ಯವೆಂದು ನೆನಸಬೇಡಿರಿ. ಚೀನಾ ದೇಶದ 326 ಹಳ್ಳಿಗಳಲ್ಲಿ ಸುಮಾರು 34,000 ಮಂದಿಯನ್ನು ನಾಲ್ಕು ವರುಷ ನೋಡಿದ ಒಂದು ಪರೀಕ್ಷೆಯ ಫಲವು 2025ರಲ್ಲಿ ಪ್ರಕಟವಾಯಿತು. ಅರ್ಧ ಹಳ್ಳಿಗಳಲ್ಲಿ, ದೊಡ್ಡ ಪದವಿಯಿಲ್ಲದ ಹಳ್ಳಿಯ ವೈದ್ಯರೇ ಜನರ ಒತ್ತಡವನ್ನು ಅಳೆದು, ಗುಳಿಗೆ ಕೊಟ್ಟು, ತಪ್ಪದೆ ನುಂಗುವ ಹಾಗೆ ನೋಡಿಕೊಂಡರು. ಆ ಹಳ್ಳಿಗಳಲ್ಲಿ ಬುದ್ಧಿಯಳಿವು ಉಳಿದವುಗಳಿಗಿಂತ ನೂರಕ್ಕೆ 15 ಪಾಲು ಕಡಿಮೆಯಾಯಿತು. ನಮ್ಮಲ್ಲಿಯೂ 30 ವರುಷ ದಾಟಿದವರಿಗೆ ಸರಕಾರದ ಆರೋಗ್ಯ ಉಪಕೇಂದ್ರದಲ್ಲಿ ಬಿ.ಪಿ.ಯನ್ನೂ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ, ಅದಕ್ಕೆ ಹಣವಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನವನ್ನು ಹೇಳುವಳು. ಸಕ್ಕರೆ ಕಾಯಿಲೆಯೂ ಅದೇ ಕಾಲುವೆಗಳನ್ನು ಕೆಡಿಸುವದರಿಂದ ಎರಡನ್ನೂ ಒಟ್ಟಿಗೆ ನೋಡಿಸಿಕೊಳ್ಳಿರಿ. ಗುಳಿಗೆಯನ್ನು ಸ್ವಂತ ಮನಸ್ಸಿನಿಂದ ನಿಲ್ಲಿಸಬಾರದು. ಪ್ರಾರ್ಥನೆ ಮಾಡುತ್ತೇನೆ, ಗುಳಿಗೆ ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವೇನಂದರೆ, ಪ್ರಾರ್ಥಿಸುವವನು ಬಿತ್ತುವದನ್ನು ಬಿಡುವದಿಲ್ಲ.

ಉಪ್ಪಿನ ಮಾತನ್ನು ಹೆಂಗಸರು ಕೇಳಬೇಕು, ಗಂಡಸರು ಇನ್ನೂ ಹೆಚ್ಚಾಗಿ ಕೇಳಬೇಕು; ಯಾಕಂದರೆ ತಾಟಿನಲ್ಲಿ ಉಪ್ಪು ಕಡಿಮೆಯೆಂದು ಕೂಗುವವರು ಇವರೇ. ಒಬ್ಬರಿಗೆ ದಿನಕ್ಕೆ ಎಲ್ಲಾ ಸೇರಿ ಒಂದು ಸಣ್ಣ ಚಮಚದಷ್ಟು, ಅಂದರೆ 5 ಗ್ರಾಮಿನೊಳಗೆ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚುರುಮುರಿ ಚಕ್ಕುಲಿಗಳಲ್ಲಿ ಇರುವದೂ ಈ ಲೆಕ್ಕಕ್ಕೆ ಸೇರಿದ್ದೇ. ಊಟದ ವಿಷಯದಲ್ಲಿ ನಮ್ಮ ಅಜ್ಜಂದಿರ ತಾಟಿಗಿಂತ ಉತ್ತಮವಾದದ್ದನ್ನು ನಾನು ಹೇಳಲಾರೆನು: ಜೋಳದ ರೊಟ್ಟಿ, ಹೆಸರು ಮಡಿಕೆ ಹುರುಳಿಯ ಕಾಳು, ಸೊಪ್ಪಿನ ಪಲ್ಯ, ಅಗಸಿ ಗುರೆಳ್ಳಿನ ಚಟ್ನಿ, ಮಜ್ಜಿಗೆ. ಬರ್ಜಿಲ್ಲೈ ಹೊರಿಸಿಕೊಂಡು ಬಂದದ್ದೂ ಕಾಳು, ಧಾನ್ಯ, ಮೊಸರುಗಳೇ ಅಲ್ಲವೇ? ಈಗ ಹೊಲದ ಬದುವಿನ ವರೆಗೂ ಬಂದಿರುವ ಬಣ್ಣದ ಸಿಹಿನೀರಿನ ಸೀಸೆಗಳು ಅವನ ಪಟ್ಟಿಯಲ್ಲಿಲ್ಲ.

ಇನ್ನು ಕಿವಿ. ಇದನ್ನು ನಾವು ಬಹಳ ಅಲಕ್ಷ್ಯ ಮಾಡುತ್ತೇವೆ. ಪ್ರಸಂಗಿಯ 12ನೆಯ ಅಧ್ಯಾಯದಲ್ಲಿ ಮುದಿದೇಹವನ್ನು ಹಳೇ ಮನೆಗೆ ಹೋಲಿಸಿ, ಕಿಟಕಿಗಳು ಮಬ್ಬಾಗುವದನ್ನೂ ಬೀದಿಯ ಬಾಗಲುಗಳು ಮುಚ್ಚುವದನ್ನೂ ಹೇಳಿದೆ. ಕಿಟಕಿ ಕಣ್ಣು, ಬಾಗಲು ಕಿವಿ ಎಂದು ವ್ಯಾಖ್ಯಾನಗಾರರು ಅರ್ಥ ಹೇಳುತ್ತಾರೆ. 2024ರಲ್ಲಿ ಲಾನ್ಸೆಟ್ ಎಂಬ ವೈದ್ಯಪತ್ರಿಕೆಯ ವಿದ್ವಾಂಸರ ಮಂಡಲಿಯು, ಬುದ್ಧಿಯಳಿವಿಗೆ ದಾರಿಮಾಡುವ, ಆದರೆ ಮನುಷ್ಯ ಪ್ರಯತ್ನದಿಂದ ತಗ್ಗಿಸಬಹುದಾದ 14 ಕಾರಣಗಳನ್ನು ಎಣಿಸಿದಾಗ, ಕಿವಿ ಮಂದವಾಗುವದನ್ನು ಅವುಗಳಲ್ಲಿ ದೊಡ್ಡವುಗಳೊಳಗೆ ಇಟ್ಟಿತು; ಕಣ್ಣು ಮಬ್ಬಾಗುವದನ್ನು ಆ ವರುಷ ಹೊಸದಾಗಿ ಸೇರಿಸಿತು. ಕಾರಣವು ಕಷ್ಟದ್ದಲ್ಲ. ಮಾತು ಕೇಳಿಸದವನು ಊಹಿಸುವದರಲ್ಲಿಯೇ ಬುದ್ಧಿಯ ಬಲವನ್ನು ವೆಚ್ಚಮಾಡುತ್ತಾನೆ. ಕೇಳಿದ್ದನ್ನು ನೆನಪಿಟ್ಟುಕೊಳ್ಳಲಿಕ್ಕೆ ಬಲ ಉಳಿಯುವದಿಲ್ಲ. ಆಮೇಲೆ ನಾಚಿಕೆಯಿಂದ ಕಟ್ಟೆಗೆ ಹೋಗುವದನ್ನು ಬಿಡುತ್ತಾನೆ, ಕೂಟವನ್ನು ಬಿಡುತ್ತಾನೆ, ಮೂಲೆ ಹಿಡಿಯುತ್ತಾನೆ. ಹಾಗೆಂದು ಕಿವಿಯ ಯಂತ್ರವೇ ಎಲ್ಲರಿಗೂ ಮದ್ದು ಎಂದು ಹೇಳಲಾರೆವು. ಅಮೇರಿಕ ದೇಶದಲ್ಲಿ 70ರಿಂದ 84 ವರುಷದ 977 ಮಂದಿಯನ್ನು ಮೂರು ವರುಷ ನೋಡಿ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎಲ್ಲರನ್ನೂ ಸೇರಿಸಿ ನೋಡಿದರೆ ಯಂತ್ರದಿಂದ ಬುದ್ಧಿಗೆ ಭೇದ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಬುದ್ಧಿ ಕುಂದುವ ವೇಗವು ಸುಮಾರು ಅರ್ಧಕ್ಕೆ ಇಳಿಯಿತು. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೋ ಎಂದು ವೈದ್ಯರಿಂದ ನೋಡಿಸಿರಿ. ಅದನ್ನು ತೆಗೆದ ಮಾತ್ರದಿಂದಲೇ ಕೆಲವರಿಗೆ ಕೇಳಿಸುವದುಂಟು. ಕಡ್ಡಿ, ಕೂದಲಿನ ಪಿನ್ನು, ಬಿಸಿ ಎಣ್ಣೆಗಳನ್ನು ಹಾಕಬೇಡಿರಿ. ಕಣ್ಣಿನ ಪೊರೆಯನ್ನು ತೆಗೆಸಿಕೊಳ್ಳಲಿಕ್ಕೆ ಇನ್ನು ಮುಪ್ಪಾಯಿತು, ಯಾಕೆ ಎಂದು ಹೇಳುವ ಅಜ್ಜಿಯರಿಗೆ, ಮುಪ್ಪಾದದ್ದರಿಂದಲೇ ಎಂದು ಹೇಳಿರಿ.

ತಂಬಾಕು ಸಾರಾಯಿಗಳ ವಿಷಯವಾಗಿ ನಮ್ಮ ಸಭೆಯ ನೇಮಗಳನ್ನು ನೀವು ಬಲ್ಲಿರಿ. ಅವುಗಳನ್ನು ಮೀರುವವರೂ ಬಲ್ಲರು. ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು 2007ರಲ್ಲಿ ನಿಂತರೂ ಕುಡಿತವು ಬೇರೆ ಹೆಸರಿನಿಂದ ಉಳಿದಿದೆ. ಅತಿಯಾದ ಕುಡಿತವೂ ಬೀಡಿ ಸಿಗರೇಟಿನ ಹೊಗೆಯೂ ಆ 14 ಕಾರಣಗಳಲ್ಲಿ ಸೇರಿವೆ. ಕೆಟ್ಟ ಗಾಳಿಯೂ ಸೇರಿದೆ. ಗಾಳಿಯಾಡದ ಅಡಿಗೆಮನೆಯಲ್ಲಿ ದಿನವೆಲ್ಲಾ ಒಲೆಯ ಹೊಗೆಯನ್ನು ನುಂಗುವ ನಮ್ಮ ತಾಯಂದಿರನ್ನು ಈ ಸ್ಥಳದಲ್ಲಿ ನೆನಸಿಕೊಳ್ಳತಕ್ಕದ್ದು. ತಲೆಗೆ ಬೀಳುವ ಪೆಟ್ಟು ಕೂಡ ಒಂದು ಕಾರಣ. ಮೋಟಾರು ಸೈಕಲಿನ ಮೇಲೆ ಶಿರಸ್ತ್ರಾಣವನ್ನು ಮೊಣಕೈಗೆ ತೂಗಿಹಾಕಿಕೊಂಡು ಹೋಗುವ ಯೌವನಸ್ಥರು ಮೊಣಕೈಯಿಂದ ಯೋಚಿಸುತ್ತಾರೋ ಏನೋ, ನಾನರಿಯೆನು.

ನಡೆಯುವದರ ವಿಷಯ. ಹೊಲದಲ್ಲಿ ಗೇಯುವವನಿಗೆ ಬೇರೆ ವ್ಯಾಯಾಮ ಬೇಕಾಗಿಲ್ಲ. ಆದರೆ ಮಕ್ಕಳು ದುಡಿಯಲಾರಂಭಿಸಿದ ಮೇಲೆ, ನೀನು ಕೂತುಕೋ ಅಪ್ಪಾ ಎಂದು ಪ್ರೀತಿಯಿಂದ ಕಟ್ಟೆಯ ಮೇಲೆ ಕೂರಿಸಿಬಿಡುತ್ತಾರೆ. ಆ ಪ್ರೀತಿಯು ಒಳ್ಳೇದಲ್ಲ. ವಾರದಲ್ಲಿ ಒಟ್ಟು 150 ನಿಮಿಷ, ಮಾತಾಡಬಹುದಾದರೂ ಹಾಡಲಾಗದಷ್ಟು ಚುರುಕಾಗಿ ನಡೆಯಲಿಕ್ಕೆ ವೈದ್ಯರು ಹೇಳುತ್ತಾರೆ. ಫಿನ್‌ಲೆಂಡ್ ದೇಶದಲ್ಲಿ 60ರಿಂದ 77 ವರುಷದ 1,260 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯ ಬುದ್ಧಿವಾದವನ್ನು ಮಾತ್ರ ಹೇಳಿ, ಇನ್ನೊಂದಕ್ಕೆ ಆಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದೊತ್ತಡದ ತಪಾಸಣೆ ಇವು ನಾಲ್ಕನ್ನೂ ಎರಡು ವರುಷ ಒಟ್ಟಿಗೆ ನಡಿಸಿದರು. 2015ರಲ್ಲಿ ಫಲವನ್ನು ಪ್ರಕಟಿಸಿದಾಗ ಎರಡನೆಯ ಗುಂಪಿನವರ ಬುದ್ಧಿಯ ಪರೀಕ್ಷೆಗಳು ಹೆಚ್ಚು ಉತ್ತಮವಾಗಿದ್ದವು. ಗಮನಿಸಿರಿ, ಒಂದೊಂದೇ ಅಭ್ಯಾಸದಿಂದಲ್ಲ, ನಾಲ್ಕೂ ಕೂಡಿದ್ದರಿಂದ.

ಇನ್ನು ಓದುಬರಹ. ಇಲ್ಲಿ ನಾನು ರೋಮನ್ ಸಭೆಯ ಕನ್ಯಾಸ್ತ್ರೀಯರ ಒಂದು ಉದಾಹರಣೆಯನ್ನು ತರುತ್ತೇನೆ. ಸತ್ಯವು ಯಾವ ಮನೆಯಿಂದ ಬಂದರೂ ತೆಗೆದುಕೊಳ್ಳತಕ್ಕದ್ದೇ. ಅಮೇರಿಕ ದೇಶದಲ್ಲಿ 1986ರಲ್ಲಿ ಸ್ನೋಡನ್ ಎಂಬ ವಿದ್ವಾಂಸರು ಒಂದೇ ಸಂಘಕ್ಕೆ ಸೇರಿದ ವೃದ್ಧ ಕನ್ಯಾಸ್ತ್ರೀಯರ ವಿಷಯದಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. 75 ವರುಷ ದಾಟಿದ 678 ಮಂದಿ ಅದರಲ್ಲಿ ಸೇರಿ, ತಾವು ಸತ್ತ ಮೇಲೆ ತಮ್ಮ ಮಿದುಳನ್ನು ಪರೀಕ್ಷೆಗೆ ಕೊಡಲು ಒಪ್ಪಿದರು. ಅವರಲ್ಲಿ ಅನೇಕರು ಸುಮಾರು 22ನೆಯ ವಯಸ್ಸಿನಲ್ಲಿ ವ್ರತವನ್ನು ಸ್ವೀಕರಿಸುವಾಗ ಬರೆದುಕೊಟ್ಟ ಚಿಕ್ಕ ಜೀವಚರಿತ್ರೆಗಳು ಮಠದಲ್ಲಿ ಉಳಿದಿದ್ದವು. ಯೌವನದಲ್ಲಿ ವಿಚಾರಗಳನ್ನು ತುಂಬಿ ಬರೆದವರಲ್ಲಿ ಆರು ದಶಕಗಳ ಬಳಿಕ ಬುದ್ಧಿಯಳಿವು ಕಡಿಮೆಯಾಗಿತ್ತು. ಇನ್ನೂ ಆಶ್ಚರ್ಯವೇನಂದರೆ, 101 ವರುಷ ಬದುಕಿ ಕಡೆಯ ವರೆಗೆ ಚುರುಕಾಗಿದ್ದ ಒಬ್ಬಾಕೆಯ ಮಿದುಳಿನಲ್ಲಿ, ಆಲ್‌ಝೈಮರರು ಕಂಡ ಕಲೆಗಳೂ ಸಿಕ್ಕುಗಳೂ ಬೇಕಾದಷ್ಟು ಇದ್ದವು! ರೋಗವು ಒಳಗೆ ಬಂದಿತ್ತು, ಆದರೆ ಹೊರಗೆ ಕಾಣಿಸಲಿಲ್ಲ. ಇದಕ್ಕೆ ವಿದ್ವಾಂಸರು ಹೇಳುವ ಕಾರಣವನ್ನು ನಮ್ಮ ರೀತಿಯಲ್ಲಿ ಹೇಳುವದಾದರೆ, ಊರಿನಿಂದ ಕೆರೆಗೆ ಒಂದೇ ಹಾದಿಯಿದ್ದರೆ ಅದು ಕೊಚ್ಚಿಹೋದ ದಿನ ನೀರಿಲ್ಲ. ನಾಲ್ಕು ಹಾದಿಗಳಿದ್ದರೆ ಬಳಸಿಕೊಂಡಾದರೂ ಹೋಗಬಹುದು. ಕಲಿಕೆಯು ಮಿದುಳಿನಲ್ಲಿ ಹಾದಿಗಳನ್ನು ಹೆಚ್ಚಿಸುತ್ತದೆ.

ಓದು ಬಾರದವರು ಇದನ್ನು ಕೇಳಿ ಎದೆಗುಂದಬಾರದು. ಹೈದರಾಬಾದಿನಲ್ಲಿ ವೈದ್ಯರಾದ ಸುವರ್ಣ ಅಲ್ಲಾಡಿ ಎಂಬವರೂ ಅವರ ಜೊತೆಯವರೂ ಈ ರೋಗವುಳ್ಳ 648 ಮಂದಿಯನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದೇನಂದರೆ, ಎರಡು ಭಾಷೆಗಳನ್ನಾಡುವವರಿಗೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರುಷ ತಡವಾಗಿ ರೋಗವು ತೋರಿತು; ಅಕ್ಷರ ಬಾರದವರಲ್ಲಿಯೂ ಈ ಭೇದವು ಕಂಡಿತು. ಎರಡು ಭಾಷೆಯೇ ಇದಕ್ಕೆ ಕಾರಣವೆಂದು ಎಲ್ಲಾ ವಿದ್ವಾಂಸರೂ ಒಪ್ಪಿಲ್ಲವಾದರೂ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕೋಲಾರದ ಕಡೆಯವರಿಗೂ, ಕನ್ನಡ ಮರಾಠಿ ಉರ್ದುಗಳನ್ನು ಕಲಸಿ ಆಡುವ ನಮ್ಮ ಕಡೆಯವರಿಗೂ ಇದು ಸಂತೋಷದ ಸಮಾಚಾರ. ಆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿಯೇ, 45 ವರುಷ ದಾಟಿದ ಸುಮಾರು 10,000 ಮಂದಿಯನ್ನು ಬಹುಕಾಲ ನೋಡುತ್ತಾ ಹೋಗಬೇಕೆಂಬ ಉದ್ದೇಶದಿಂದ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಒಂದು ದೊಡ್ಡ ಅಧ್ಯಯನವನ್ನು ಕೈಕೊಂಡಿದ್ದಾರೆ. ಹೊಸ ಕೀರ್ತನೆಯನ್ನು ಬಾಯಿಪಾಠ ಮಾಡುವದು, ಮೊಮ್ಮಕ್ಕಳಿಗೆ ಕಥೆ ಹೇಳುವದು, ಸ್ವಸಹಾಯ ಸಂಘದ ಲೆಕ್ಕವನ್ನು ತಾನೇ ಬಾಯಲ್ಲಿ ಕೂಡಿಸಿ ನೋಡುವದು, ಇವೆಲ್ಲ ಬುದ್ಧಿಯ ಅಭ್ಯಾಸಗಳೇ. ಅರವತ್ತು ವರುಷದಿಂದ ಹಾಡಿದ ಅದೇ ಕೀರ್ತನೆ ಆತ್ಮಕ್ಕೆ ಹಿತ; ಆದರೆ ಬುದ್ಧಿಗೆ ಬೆವರು ಬರಬೇಕಾದರೆ ಹೊಸದೊಂದು ಬೇಕು.

ರಾತ್ರಿ ಏಳೆಂಟು ತಾಸಿನ ನಿದ್ರೆಯು ಬೇಕು. ಹೊಲಕ್ಕೆ ನೀರು ಹಾಯಿಸಲು ಮಧ್ಯರಾತ್ರಿ ಕರೆಂಟು ಬಂದಾಗ ಏಳುವವರಿಗೆ ಇದನ್ನು ಹೇಳುವದು ಸುಲಭ, ಮಾಡುವದು ಕಷ್ಟ ಎಂಬದನ್ನು ಬಲ್ಲೆನು. ಆದರೆ ಕೈಯಲ್ಲಿನ ಫೋನಿಗಾಗಿ ಎಚ್ಚರವಿರುವವರಿಗೆ ಆ ನೆವವೂ ಇಲ್ಲ.

ಒಂಟಿತನವೂ ಬಹುಕಾಲದ ಮನಗುಂದುವಿಕೆಯೂ ಆ ವಿದ್ವಾಂಸರ ಪಟ್ಟಿಯಲ್ಲಿ ಇವೆ. ಮೇಲೆ ಹೇಳಿದ ಹಿರಿಯರನ್ನು ನಾವು ಎಷ್ಟು ತಿಂಗಳು ಒಂಟಿಯಾಗಿ ಬಿಟ್ಟೆವೆಂಬದನ್ನು ನೆನಸುವಾಗ, ಈ ಸಾಲನ್ನು ಬರೆಯುವದು ನನಗೆ ಸುಲಭವಲ್ಲ.

ಆ 14 ಕಾರಣಗಳನ್ನೆಲ್ಲಾ ತೆಗೆದುಹಾಕಿದರೆ ಲೋಕದಲ್ಲಿನ ಬುದ್ಧಿಯಳಿವಿನಲ್ಲಿ ನೂರಕ್ಕೆ ಸುಮಾರು 45 ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಎಣಿಕೆ. ಇದನ್ನು ಎರಡು ಕಡೆಯಿಂದಲೂ ಓದತಕ್ಕದ್ದು. 45 ಎಂಬದು ಚಿಕ್ಕದಲ್ಲ. ಆದರೆ ಉಳಿದ 55 ಪಾಲು ನಮ್ಮ ಕೈಯಲ್ಲಿಲ್ಲ. ಎಲ್ಲವನ್ನೂ ಸರಿಯಾಗಿ ನಡಿಸಿದ ಭಕ್ತಿವಂತರಿಗೂ ಈ ರೋಗವು ಬರುತ್ತದೆ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪ ಎಂದು ಕೇಳಿದ ಶಿಷ್ಯರಿಗೆ ಕರ್ತನು ಕೊಟ್ಟ ಉತ್ತರವನ್ನು ಯೋಹಾನನ 9ನೆಯ ಅಧ್ಯಾಯದಲ್ಲಿ ಓದಿ ನೋಡಿರಿ. ಆ ಬಳಿಕ ನೆರೆಮನೆಯ ಅಜ್ಜಿಯ ವಿಷಯವಾಗಿ ಮಾತಾಡಿರಿ.

ಮರೆವೆಲ್ಲಾ ರೋಗವಲ್ಲ. ಕುಡಗೋಲನ್ನು ಎಲ್ಲಿಟ್ಟೆನೆಂದು ಮರೆಯುವದು ವಯಸ್ಸಿನ ಗುಣ. ಕುಡಗೋಲನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ತಿಳಿಯದೆ ನಿಲ್ಲುವದು ರೋಗದ ಗುರುತು. ಹುಟ್ಟಿದ ಊರಿನಲ್ಲಿ ಹಾದಿ ತಪ್ಪುವದು, ಹಣದ ಲೆಕ್ಕ ಕೆಡುವದು, ಶಾಂತ ಸ್ವಭಾವದವರು ಸಂಶಯಪಡುತ್ತಾ ಜಗಳಕ್ಕೆ ನಿಲ್ಲುವದು, ಇವುಗಳನ್ನು ಕಂಡರೆ ದೆವ್ವ ಹಿಡಿಯಿತೆಂದು ಮಂತ್ರದವನ ಬಳಿಗೂ ಹೋಗಬೇಡಿರಿ, ಕ್ರೈಸ್ತನ ಹೆಸರಿನಲ್ಲಿ ಕೂದಲು ಹಿಡಿದೆಳೆದು ದೆವ್ವ ಬಿಡಿಸುವೆನೆಂದು ಕೂಗುವವನ ಬಳಿಗೂ ಹೋಗಬೇಡಿರಿ. ಬಸ್ಸು ಹತ್ತಿ ವೈದ್ಯರ ಬಳಿಗೆ ಹೋಗಿರಿ. ಯಾಕಂದರೆ ಮರೆವಿನಂತೆ ಕಾಣುವ ಕೆಲವು ಕಾಯಿಲೆಗಳಿಗೆ ಚೆನ್ನಾದ ಚಿಕಿತ್ಸೆಯಿದೆ. ಕೊರಳಿನ ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾದದ್ದು, ಬಿ-12 ಎಂಬ ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಬಿದ್ದು ಪೆಟ್ಟಾಗಿ ತಲೆಯೊಳಗೆ ರಕ್ತ ಕಟ್ಟಿದ್ದು, ಬೇರೆ ಕಾಯಿಲೆಗೆ ನುಂಗುವ ಗುಳಿಗೆಯ ತೊಂದರೆ, ಇವುಗಳನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ನಿನ್ನೆ ಚೆನ್ನಾಗಿದ್ದ ವೃದ್ಧರು ಇಂದು ಒಮ್ಮೆಲೇ ಗೊತ್ತುಗುರಿಯಿಲ್ಲದೆ ಮಾತಾಡಿದರೆ ಅಥವಾ ಮಂಕಾಗಿ ಬಿದ್ದುಕೊಂಡರೆ, ಜ್ವರವೋ ಸೋಂಕೋ ಲಕ್ವವೋ ಇರಬಹುದು. ಮರುದಿನದ ವರೆಗೆ ಕಾಯಬಾರದು. ಸಂತೆಯಲ್ಲಿ ಜ್ಞಾಪಕಶಕ್ತಿಯ ರಸಾಯನವೆಂದು ಮಾರುವ ಸೀಸೆಗಳಿಗೆ ಹಣವನ್ನು ಕೊಡುವದಕ್ಕಿಂತ, ಅದೇ ಹಣದಿಂದ ಕನ್ನಡಕವನ್ನು ಮಾಡಿಸಿರಿ.

ಆ ಹಿರಿಯರ ಸಂಗತಿಯನ್ನು ಅರ್ಧಕ್ಕೆ ಬಿಟ್ಟೆನು. ಬೀಜದ ಗಡಿಗೆಯಲ್ಲಿ ಹಣ ಸಿಕ್ಕಿದ ಮುಂದಿನ ಭಾನುವಾರ ನಾನು ಲೆಕ್ಕ ಕೇಳಿದ ಸ್ಥಳದಲ್ಲಿಯೇ ನಿಂತು, ಎಲ್ಲರ ಮುಂದೆ ನನ್ನ ತಪ್ಪನ್ನು ಅರಿಕೆಮಾಡಿದೆನು. ಅವರು ಮೊದಲನೆಯ ಬೆಂಚಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಮೊಮ್ಮಗಳಿದ್ದಳು. ನಾನು ಏನು ಹೇಳುತ್ತಿರುವೆನೆಂಬದು ಅವರಿಗೆ ತಿಳಿಯಿತೋ ಇಲ್ಲವೋ ನಾನು ಹೇಳಲಾರೆನು. ಲೆಕ್ಕದ ಪುಸ್ತಕವು ಈಗ ಇಬ್ಬರ ಕೈಯಲ್ಲಿದೆ, ಹಣವನ್ನು ಇಬ್ಬರು ಕೂಡಿ ಎಣಿಸುತ್ತಾರೆ; ಇದನ್ನು ಮೊದಲೇ ಮಾಡಬೇಕಾಗಿತ್ತು. ತಿಂಗಳ ಮೊದಲನೆಯ ಭಾನುವಾರ ಆರಾಧನೆಯ ಬಳಿಕ ಆರೋಗ್ಯ ಕೇಂದ್ರದವಳು ದೇವಾಲಯದ ಜಗಲಿಯಲ್ಲಿ ಕೂತು ಬಿ.ಪಿ. ಅಳೆಯುತ್ತಾಳೆ. ಮೊದಲನೆಯ ತಿಂಗಳಲ್ಲಿ ಬಂದವರಲ್ಲಿ ತಾವು ಆರೋಗ್ಯವಂತರೆಂದು ನೆನಸಿದ್ದ ಒಂಬತ್ತು ಮಂದಿಗೆ ಅಂಕಿ 140ನ್ನು ದಾಟಿತ್ತು. ಅವರಲ್ಲಿ ನಾನೂ ಒಬ್ಬನು.

ಅಜ್ಜನವರಿಗೆ ಈಗ ನನ್ನ ಹೆಸರು ನೆನಪಿಲ್ಲ. ಗುಳಿಗೆಯನ್ನು ಸೊಸೆ ರೊಟ್ಟಿಯ ಜೊತೆಯಲ್ಲಿ ಕೊಡುತ್ತಾಳೆ. ಕಿವಿಯ ಯಂತ್ರವನ್ನು ಮೊದಮೊದಲು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಈಗ ಆರಾಧನೆಯ ಹೊತ್ತಿನಲ್ಲಿ ಇಟ್ಟುಕೊಳ್ಳುತ್ತಾರೆ. ಕಾಣಿಕೆಯ ಚೀಲವು ಅವರ ಬಳಿಗೆ ಬಂದಾಗ ಅದನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಮುಂದಿನವರಿಗೆ ಕೊಡುವ ಮೊದಲು ಒಳಗೆ ನೋಡುತ್ತಾರೆ. ಯಾರೂ ಅವಸರಪಡಿಸುವದಿಲ್ಲ.